ಜಲ್ಲಿ ಗುಂಡಿ ಮುಚ್ಚದೆ ಹಕ್ಕಿ ಕರೆಸಿದ್ದು: ನನ್ನ ಅನುಭವ

ಜಲ್ಲಿ ತೆಗೆದ ಮೇಲೆ ಗುಂಡಿ ಮುಚ್ಚು, ಮಟ್ಟ ಮಾಡು, ಸಸಿ ನೆಡು. ಎಲ್ಲರೂ ಹೇಳುವುದು ಇದನ್ನೇ. ನಾನು ಮುಚ್ಚಲಿಲ್ಲ. ದುಡ್ಡು ಉಳಿಸೋಕೆ ನೆಪ ಹುಡುಕಿದ್ದಾನೆ ಅಂತ ನಕ್ಕವರು ಈಗ ಬೈನಾಕ್ಯುಲರ್ ಹಿಡಿದು ಬರುತ್ತಾರೆ!

ಪಕ್ಕದ ಹಳೇ ಗುಂಡಿಯನ್ನು ಇನ್ನೊಬ್ಬ ಗುತ್ತಿಗೆದಾರರು ಮುಚ್ಚಿದ್ದರು. ಅರ್ಧಕ್ಕಿಂತ ಜಾಸ್ತಿ ಹಣ ಮಣ್ಣು ತುಂಬೋಕೇ ಹೋಯಿತಂತೆ. ಹತ್ತರಲ್ಲಿ ಏಳೆಂಟು ಸಸಿ ಎರಡನೇ ಬೇಸಿಗೆ ದಾಟಲಿಲ್ಲ. ಒಂದನ್ನು ಕಿತ್ತು ನೋಡಿದೆ. ಬೇರು ಗೇಣುದ್ದ ಇಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿತ್ತು. ಡಂಪರ್ ಓಡಾಡಿ ನೆಲ ಅಷ್ಟು ಗಟ್ಟಿ. ಮೇಲ್ಮಣ್ಣನ್ನೂ ಐದಾರು ಮೀಟರ್ ಎತ್ತರ ಗುಡ್ಡೆ ಹಾಕಿ ವರ್ಷಗಟ್ಟಲೆ ಬಿಟ್ಟಿದ್ದರು. ಒಳಗೆ ಗಾಳಿಯಾಡದೆ ಕೊಳೆತ ವಾಸನೆ. ಅಂಥ ಮಣ್ಣಲ್ಲಿ ಎರೆಹುಳು ಎಲ್ಲಿ ಬದುಕಬೇಕು?

ನನ್ನ ಗುಡ್ಡೆಗಳು ಎರಡು ಮೀಟರ್ ದಾಟಲಿಲ್ಲ. ನೆಲವನ್ನು ಉಕ್ಕಿನ ಹಲ್ಲಿನ ರಿಪ್ಪರ್‌ನಿಂದ ಮುಕ್ಕಾಲು ಮೀಟರ್‌ನಷ್ಟು ಸೀಳಿಸಿದೆ, ಅದೂ ಒಣಗಿದ್ದಾಗ. ಹಸಿ ಇದ್ದಾಗ ಸೀಳಿದರೆ ಸುಮ್ನೆ ಡೀಸೆಲ್ ದಂಡ. ಗುಂಡಿಯಲ್ಲಿ ನಿಂತ ನೀರಿನ ಅಂಚಿಗೆ ಮಾತ್ರ ಕೈಬಿಚ್ಚಿ ಖರ್ಚು ಮಾಡಿದೆ. ಗೋಡೆ ನೆಟ್ಟಗೆ ಇಳಿದರೆ ಕೊಕ್ಕರೆಗೆ ನಿಲ್ಲೋಕೆ ಜಾಗ ಎಲ್ಲಿ? ಒಂದು ಬದಿಯನ್ನು ಒಂದಕ್ಕೆ ಹತ್ತರ (ಹತ್ತು ಮೀಟರ್ ಹೋದರೆ ಒಂದು ಮೀಟರ್ ಇಳಿಯುವ) ಇಳಿಜಾರಿಗೆ ತಂದು ಅಂಕುಡೊಂಕಾಗಿ ಬಿಟ್ಟೆ. ಆದರೂ ಒಟ್ಟು ಖರ್ಚು ಪಕ್ಕದವರ ಮೂರನೇ ಒಂದು ಭಾಗದಷ್ಟು ಬಂದಿರಬೇಕು.

ಜಗಳ ಆಗಿದ್ದು ಮರಳು ಪದರದ ಗೋಡೆಗೆ. ಮೂರು ಮೀಟರ್ ಎತ್ತರ ಉಳಿಸಿ, ಮೇಲೆ ಬೇಲಿ ಹಾಕಿದೆ. ಕುಸಿಯುತ್ತೆ ಅಂದರು. ಕುಸಿಯಲಿ, ಹೊಸ ಮುಖ ಸಿಗುತ್ತೆ ಅಲ್ವಾ? ಮುಂದಿನ ಗೂಡಿನ ಕಾಲಕ್ಕೇ ಕಳ್ಳಿಪೀರ ಹಕ್ಕಿಗಳು ಬಂದವು. ಕೊಕ್ಕಿನಿಂದ ಕೊರೆದು, ಕಾಲಿನಿಂದ ಮರಳನ್ನು ಹಿಂದಕ್ಕೆ ಚಿಮ್ಮಿ, ತೋಳುದ್ದಕ್ಕಿಂತ ಜಾಸ್ತಿ ಸುರಂಗ ತೋಡಿದವು. ಬುಡದಲ್ಲಿ ಬಿದ್ದ ಮರಳನ್ನು ಗೂಡಿನ ಕಾಲಕ್ಕೆ ಮುಂಚೆಯೇ ತೆಗೆಸಬೇಕು, ಇಲ್ಲದಿದ್ದರೆ ಮುಂಗುಸಿಗೆ ಮೆಟ್ಟಿಲು ಕಟ್ಟಿಕೊಟ್ಟಂತೆ. ಯಾವ ಪದರ ಆರಿಸಬೇಕು ಅನ್ನೋ ಗುಟ್ಟು ಸದ್ಯ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಪ್ರಯೋಗ. ಬಯಲು ಜಲ್ಲಿಯ ಅರ್ಧಕ್ಕೆ ಹುಲ್ಲಿನ ಬೀಜ ಎರಚಿ, ಇನ್ನರ್ಧ ಬರಿದೇ ಬಿಟ್ಟೆ. ಟಿಟ್ಟಿಭ ಹಕ್ಕಿ ಬರಿ ಜಲ್ಲಿಯನ್ನೇ ಆರಿಸಿತು. ನಾಲ್ಕು ಮೊಟ್ಟೆ, ಕಲ್ಲಿನದೇ ಬಣ್ಣ. ಕಾಲಿಟ್ಟೇಬಿಡುತ್ತಿದ್ದೆ. ಅಲ್ಲಿ ಈಗ ವರ್ಷಕ್ಕೊಮ್ಮೆ ಕಳೆ ಕೀಳಿಸುವುದೊಂದೇ ಖರ್ಚು.

ಯಾರೋ ಕೊಳಕ್ಕೆ ಮೀನು ಬಿಟ್ಟರು, ಗೊದಮೊಟ್ಟೆ ಮಾಯವಾದವು. ಅದಕ್ಕೇ ಬೇಸಿಗೆಯಲ್ಲಿ ಬತ್ತುವ ಸಣ್ಣ ಹೊಂಡಗಳನ್ನು ಬೇರೆಯಾಗಿ ತೋಡಿಸುತ್ತಿದ್ದೇನೆ. ಅಲ್ಲಿ ಮೀನು ಉಳಿಯುವುದಿಲ್ಲ.