ದುಬಾರಿ ಲಿಕ್ವಿಡ್ ಲಿಪ್‌ಸ್ಟಿಕ್‌ಗೆ ಅಗ್ಗದ ಜೋಡಿ ಹುಡುಕುವುದು ಹೇಗೆ?

ಇಷ್ಟದ ಲಿಕ್ವಿಡ್ ಲಿಪ್‌ಸ್ಟಿಕ್ ಮುಗಿಯುತ್ತಾ ಬಂದಿದೆ. ಮತ್ತೆ ಅದನ್ನೇ ಕೊಳ್ಳೋಣ ಅಂದರೆ ಬೆಲೆ ಕೈ ಸುಡುತ್ತದೆ. ಆಗ ಎಲ್ಲರೂ ಅದೇ ಬಣ್ಣದ, ಕಡಿಮೆ ಬೆಲೆಯ ಇನ್ನೊಂದನ್ನು ಹುಡುಕಲು ಹೊರಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಬಣ್ಣ ಹೆಚ್ಚು ಕಡಿಮೆ ಒಂದೇ ಇದ್ದ ಟ್ಯೂಬ್ ಒಂದನ್ನು ಖುಷಿಯಿಂದ ಕೊಂಡು ತಂದೆ. ಹಚ್ಚಿ ಒಂದು ಗಂಟೆ ಆಗಿರಲಿಲ್ಲ, ತುಟಿ ಬಿರಿದಂತೆ ಕಾಣತೊಡಗಿತು, ಬಣ್ಣ ಪುಡಿಪುಡಿಯಾಗಿ ಉದುರಿತು. ಬಣ್ಣ ಹೊಂದಿತ್ತು, ಒಳಗಿನ ಸರಕು ಹೊಂದಿರಲಿಲ್ಲ. ಅಂದಿನಿಂದ ನಾನು ಮೊದಲು ನೋಡುವುದು ಲಿಪ್‌ಸ್ಟಿಕ್ ಯಾವ ಬಗೆಯದು ಎಂದು. ಬಣ್ಣ ಆಮೇಲೆ.

ಮೊದಲು ಬಗೆ ಗುರುತಿಸಿ

ನಿಮ್ಮ ಹಳೆಯ ಲಿಪ್‌ಸ್ಟಿಕ್‌ನ ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಡಬ್ಬ ಬಿಸಾಡಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ಪಟ್ಟಿಯಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಮತ್ತು ಬಣ್ಣಗಳನ್ನು ಮಾತ್ರ ಹೇಗೆ ಬೇಕಾದರೂ ಜೋಡಿಸಬಹುದು. ಹಾಗಾಗಿ ಮೊದಲ ಐದಾರು ಹೆಸರು ನೋಡಿದರೆ ಸಾಕು, ಬಗೆ ಗೊತ್ತಾಗಿಬಿಡುತ್ತದೆ.

ಐಸೋಡೋಡೆಕೇನ್ ಮತ್ತು ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್ ಎಂಬ ಎರಡು ಹೆಸರು ಮೇಲೆಯೇ ಇದ್ದರೆ ಸಾಮಾನ್ಯವಾಗಿ ಅದು ಒಣಗಿ ಗಟ್ಟಿಯಾಗಿ ಕೂರುವ ಮ್ಯಾಟ್, ಅಂದರೆ ಹೊಳಪಿಲ್ಲದ ಬಗೆ. ಮೊದಲನೆಯದು ಹಚ್ಚಿದ ಕೆಲವೇ ನಿಮಿಷದಲ್ಲಿ ಆವಿಯಾಗಿ ಹೋಗುವ ದ್ರವ. ಎರಡನೆಯದು ಸಿಲಿಕೋನ್ ಅಂಟು. ದ್ರವ ಹೋದ ಮೇಲೆ ಈ ಅಂಟು ಬಣ್ಣವನ್ನು ತುಟಿಗೆ ಹಿಡಿದು ಪೊರೆಯಂತೆ ನಿಲ್ಲುತ್ತದೆ. ಲೋಟಕ್ಕೆ ಅಂಟದಿರುವುದು ಇದರಿಂದಲೇ, ತುಟಿ ಬಿಗಿದಂತೆ ಅನಿಸುವುದೂ ಇದರಿಂದಲೇ.

ಡೈಮೆಥಿಕೋನ್ ಮತ್ತು ‘ಕ್ರಾಸ್‌ಪಾಲಿಮರ್’ ಎಂದು ಕೊನೆಯಾಗುವ ಹೆಸರುಗಳು ಮುಂದಿದ್ದರೆ ಸಾಮಾನ್ಯವಾಗಿ ಅದು ಮೆತ್ತಗಿನ, ವೆಲ್ವೆಟ್‌ನಂಥ ಬಗೆ. ಹಾಯಾಗಿರುತ್ತದೆ, ಆದರೆ ಊಟ ಮಾಡಿದರೆ ಸ್ವಲ್ಪ ಹೋಗುತ್ತದೆ. ಪಾಲಿಬ್ಯೂಟೀನ್ ಅಥವಾ ಎಣ್ಣೆಗಳು ಮುಂದಿದ್ದರೆ ಅದು ಹೊಳಪಿನ ಬಗೆ. ಗಟ್ಟಿ ಮ್ಯಾಟ್‌ಗೆ ಮೆತ್ತಗಿನದು ಜೋಡಿಯಾಗುವುದಿಲ್ಲ, ಬಣ್ಣ ಎಷ್ಟೇ ಹೋಲಲಿ.

ಇಲ್ಲೊಂದು ಸಮಾಧಾನದ ಮಾತು. ದುಬಾರಿ ಲಿಪ್‌ಸ್ಟಿಕ್‌ನಲ್ಲಿರುವ ಈ ಮುಖ್ಯ ಪದಾರ್ಥಗಳೇ ಅಗ್ಗದವುಗಳಲ್ಲೂ ಇರುತ್ತವೆ. ಲ್ಯಾಂಕೋಮ್‌ನಂಥ ದುಬಾರಿ ಬ್ರ್ಯಾಂಡ್ ಇರುವುದು ಲೋರಿಯಲ್ ಎಂಬ ಕಂಪನಿಯ ಕೈಯಲ್ಲಿ. ಅದೇ ಲೋರಿಯಲ್ 1996ರಲ್ಲಿ ಮೇಬಲಿನ್, 2014ರಲ್ಲಿ ಎನ್‌ವೈಎಕ್ಸ್ ಎಂಬ ಅಗ್ಗದ ಬ್ರ್ಯಾಂಡ್‌ಗಳನ್ನೂ ಕೊಂಡಿತು. ಹಾಗಂತ ಟ್ಯೂಬ್‌ಗಳ ಒಳಗೆ ಇರುವುದು ಒಂದೇ ಅಂತಲ್ಲ. ಆದರೆ ಒಂದೇ ಮನೆಯ ಅಗ್ಗದ ಬ್ರ್ಯಾಂಡ್‌ನಿಂದ ಹುಡುಕಾಟ ಶುರು ಮಾಡುವುದು ಒಳ್ಳೆಯ ದಾರಿ.

ಆಮೇಲೆ ಬಣ್ಣ

ಪಟ್ಟಿಯ ಕೊನೆಯಲ್ಲಿ ಸಿಐ (CI, ಅಂದರೆ ಕಲರ್ ಇಂಡೆಕ್ಸ್) ಎಂದು ಶುರುವಾಗುವ ಸಂಖ್ಯೆಗಳಿರುತ್ತವೆ. ಅವೇ ಬಣ್ಣಗಳು. 77491, 77492, 77499 ಎಂದರೆ ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್. 77891 ಎಂದರೆ ಬಿಳಿಯ ಟೈಟಾನಿಯಂ ಡೈಆಕ್ಸೈಡ್. ಕಂದು, ಇಟ್ಟಿಗೆ, ನ್ಯೂಡ್ (ಚರ್ಮದ ಬಣ್ಣಕ್ಕೆ ಹತ್ತಿರದ) ಬಣ್ಣಗಳು ಹೆಚ್ಚಾಗಿ ಇವುಗಳಿಂದಲೇ ಆಗುತ್ತವೆ. ಆದ್ದರಿಂದ ಇವುಗಳಿಗೆ ಜೋಡಿ ಸುಲಭವಾಗಿ ಸಿಗುತ್ತದೆ. ತೀರಾ ತಿಳಿಯಾದ ನ್ಯೂಡ್‌ನಲ್ಲಿ ಮಾತ್ರ ಎಚ್ಚರ ಇರಲಿ. ಬಿಳಿ ಜಾಸ್ತಿಯಾದರೆ ತುಟಿಗೆ ಸುಣ್ಣ ಬಳಿದಂತೆ ಕಾಣುತ್ತದೆ.

ಢಾಳಾದ ಗುಲಾಬಿ ಸ್ವಲ್ಪ ಕಷ್ಟ. ಅದರಲ್ಲಿ 45410 ಇದ್ದರೆ ಆ ಬಣ್ಣ ತುಟಿಯ ಚರ್ಮಕ್ಕೇ ಹಿಡಿಯಬಹುದು, ಒರೆಸಿದ ಮೇಲೂ ಕಲೆಯಂತೆ ಉಳಿಯಬಹುದು. ಹಳೆಯದರಲ್ಲಿ ನಿಮಗೆ ಇಷ್ಟವಾಗಿದ್ದು ಆ ಉಳಿಯುವ ಗುಣವೇ ಆಗಿದ್ದರೆ ಹೊಸದರಲ್ಲೂ ಈ ಸಂಖ್ಯೆ ಇದೆಯೇ ನೋಡಿ. ತೀರಾ ಗಾಢ ನೇರಳೆ, ಕಪ್ಪುಗೆಂಪುಗಳಲ್ಲಿ ಅಗ್ಗದವು ತೇಪೆ ತೇಪೆಯಾಗಿ ಹರಡುವುದನ್ನು ಜಾಸ್ತಿ ಕಂಡಿದ್ದೇನೆ. ಅಲ್ಲಿ ಹಣ ಉಳಿಸಲು ಹೋಗಬೇಡಿ ಎಂದೇ ಹೇಳುತ್ತೇನೆ. ಇನ್ನು 75470 ಎಂದರೆ ಕಾರ್ಮೈನ್, ಕೀಟದಿಂದ ತೆಗೆದ ಕೆಂಪು. ಅದು ಬೇಡ ಅನ್ನುವವರಿಗೆ ಈ ಒಂದು ಸಂಖ್ಯೆ ನೆನಪಿದ್ದರೆ ಸಾಕು.

ಕೈ ಮೇಲೆ ಪರೀಕ್ಷೆ

ಪರದೆಯಲ್ಲಿ ಕಾಣುವ ಬಣ್ಣವನ್ನು ನಂಬಬೇಡಿ. ಹಳೆಯ ಟ್ಯೂಬ್ ಜೊತೆಗೇ ಒಯ್ಯಿರಿ. ಮುಂಗೈಯ ಒಳಭಾಗದಲ್ಲಿ ಎರಡನ್ನೂ ಪಕ್ಕಪಕ್ಕ ತೆಳುವಾಗಿ ಹಚ್ಚಿ. ಅಂಗಡಿಯ ಟೆಸ್ಟರ್ ಅನ್ನು ನೇರವಾಗಿ ತುಟಿಗೆ ಮುಟ್ಟಿಸಬೇಡಿ, ಅದು ಎಷ್ಟೋ ಜನರ ಕೈ ದಾಟಿ ಬಂದಿರುತ್ತದೆ.

ಈಗ ಪೂರ್ತಿ ಒಣಗಲು ಬಿಡಿ. ಹಸಿ ಇದ್ದಾಗ ಒಂದೇ ಥರ ಕಂಡದ್ದು ಒಣಗಿದಾಗ ಬೇರೆಯಾಗುವುದುಂಟು. ಆಮೇಲೆ ಬಿಸಿಲಿಗಲ್ಲ, ಹಗಲಿನ ಬೆಳಕಿಗೆ ಬನ್ನಿ. ಎರಡೂ ಗೆರೆ ಸೇರಿಸಿ ಒಂದೇ ಫೋಟೊ ತೆಗೆದು ಅದನ್ನು ಕಪ್ಪು ಬಿಳುಪು ಮಾಡಿ. ಎರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ಗಾಢತೆ ಹೊಂದಿದೆ ಎಂದರ್ಥ. ನನಗೆ ಅತಿ ಕಡಿಮೆ ಕೈಕೊಟ್ಟಿರುವ ಉಪಾಯ ಇದು.

ಕೊನೆಗೆ ಬೆರಳಿನಿಂದ ಉಜ್ಜಿ, ಟಿಶ್ಯೂ ಒತ್ತಿ, ಒಂದು ಹನಿ ಎಣ್ಣೆ ಸವರಿ. ಎಣ್ಣೆಗೆ ಎರಡೂ ಹೇಗೆ ಬಿಡುತ್ತವೆ ಎನ್ನುವುದು, ಊಟದ ಹೊತ್ತಿಗೆ ತುಟಿಯ ಮೇಲೆ ಏನಾಗಬಹುದು ಎಂಬುದರ ಸುಳಿವು ಕೊಡುತ್ತದೆ.

ಬೆಲೆಯ ಲೆಕ್ಕ

ಟ್ಯೂಬ್‌ನ ಬೆಲೆಯನ್ನಲ್ಲ, ಒಂದು ಎಂಎಲ್‌ನ ಬೆಲೆಯನ್ನು ಹೋಲಿಸಿ. ದುಬಾರಿ ಟ್ಯೂಬ್‌ನಲ್ಲಿ 5 ಎಂಎಲ್, ಅರ್ಧ ಬೆಲೆಯದರಲ್ಲಿ 2 ಎಂಎಲ್ ಇದ್ದರೆ, ಎಂಎಲ್ ಲೆಕ್ಕದಲ್ಲಿ ‘ಅಗ್ಗದ್ದೇ’ ಕಾಲು ಪಾಲು ಜಾಸ್ತಿ ದುಬಾರಿ! ಆದರೆ ಅಪರೂಪಕ್ಕೆ ಹಚ್ಚುವವರಿಗೆ ಸಣ್ಣ ಟ್ಯೂಬೇ ಸರಿ ಅಲ್ವಾ? ಟ್ಯೂಬ್ ಅಥವಾ ಡಬ್ಬದ ಮೇಲಿರುವ, ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12 ಎಂ (12M) ಎಂದಿದ್ದರೆ, ತೆರೆದ ಮೇಲೆ 12 ತಿಂಗಳು ಮಾತ್ರ ಬಳಸಬೇಕು. ಮುಗಿಯದೆ ಉಳಿದದ್ದು ಕಸಕ್ಕೆ.

ಹೋಲುವ ಲಿಪ್‌ಸ್ಟಿಕ್ ಬೇರೆ, ನಕಲಿ ಬೇರೆ. ದುಬಾರಿ ಬ್ರ್ಯಾಂಡ್‌ನ ಹೆಸರೇ ಇದ್ದು ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ, ಬ್ಯಾಚ್ ಸಂಖ್ಯೆಯಾಗಲಿ ಪದಾರ್ಥಗಳ ಪಟ್ಟಿಯಾಗಲಿ ಇಲ್ಲದಿದ್ದರೆ, ದಯವಿಟ್ಟು ಕೊಳ್ಳಬೇಡಿ. ಅದು ಬಾಯಿಗೆ ಹೋಗುವ ವಸ್ತು. ಹೊಸದು ಯಾವುದೇ ಇರಲಿ, ಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ಗಮನಿಸಿ. ತುರಿಕೆ, ಉರಿ ಕಂಡರೆ ಅದು ನಿಮಗಲ್ಲ.

ಬಗೆ ಸರಿಯಿದ್ದು ಬಣ್ಣ ಕೂದಲೆಳೆಯಷ್ಟು ಆಚೀಚೆ ಆಗಿದ್ದರೆ ಕೈಬಿಡಬೇಡಿ. ಕೆಳಗೆ ಲಿಪ್ ಲೈನರ್ (ತುಟಿಯ ಅಂಚು ಬರೆಯುವ ಪೆನ್ಸಿಲ್) ತುಂಬಿ, ಮೇಲೆ ತೆಳುವಾಗಿ ಒಂದೇ ಪದರ ಹಚ್ಚಿ. ಹೊಸದು ನೀಲಿ ಛಾಯೆಯ ತಣ್ಣಗಿನ ಗುಲಾಬಿ ಆಗಿದ್ದರೆ ಕಂದು ಲೈನರ್, ತೀರಾ ಕಂದಾಗಿದ್ದರೆ ಗುಲಾಬಿ ಲೈನರ್.