ಇಂಟರ್‌ವ್ಯೂ ನಡುವೆ ಹಳಿ ತಪ್ಪಿದರೆ ಸರಿಪಡಿಸಿಕೊಳ್ಳುವುದು ಹೇಗೆ?

ಒಂದು ಪ್ರಶ್ನೆಗೆ ಉತ್ತರ ಬರಲಿಲ್ಲ ಎಂಬ ಒಂದೇ ಕಾರಣಕ್ಕೆ ಇಂಟರ್‌ವ್ಯೂ ಕೆಡುವುದು ಅಪರೂಪ. ಗೊತ್ತಿಲ್ಲದ್ದನ್ನು ಮುಚ್ಚಿಡಲು ಬಾಯಿಗೆ ಬಂದದ್ದು ಹೇಳಿ, ಅದನ್ನು ಸಮರ್ಥಿಸಲು ಮತ್ತೊಂದು ಹೇಳಿ, ಮೂರನೇ ಪ್ರಶ್ನೆಗೆ ಸಿಕ್ಕಿಬೀಳುವುದೇ ಹೆಚ್ಚು. ತಡವಾಗಿ ಬಂದವರು ಇಲ್ಲದ ಕಾರಣ ಹೇಳುತ್ತಾರೆ. ಸಂಬಳ ಏರಿಸಿ ಹೇಳಿದವರು ಸ್ಯಾಲರಿ ಸ್ಲಿಪ್ ಕೇಳಿದಾಗ ತಡವರಿಸುತ್ತಾರೆ. ಮೊದಲ ತಪ್ಪು ಸಣ್ಣದಿರುತ್ತದೆ, ಅದನ್ನು ಮುಚ್ಚಲು ಮಾಡಿದ ಎರಡನೆಯದು ದೊಡ್ಡದಾಗುತ್ತದೆ. ಆದ್ದರಿಂದ ತಪ್ಪಾದ ಕೂಡಲೇ ಅದನ್ನು ಅಲ್ಲಿಗೇ ನಿಲ್ಲಿಸುವುದನ್ನು ಮೊದಲು ಕಲಿಯಬೇಕು. ಐಟಿಐ, ಡಿಪ್ಲೊಮಾ, ಪದವಿ, ಎಂಜಿನಿಯರಿಂಗ್ ಮುಗಿಸಿ ಮೊದಲ ಅಥವಾ ಎರಡನೇ ಕೆಲಸ ಹುಡುಕುತ್ತಿರುವವರಿಗಾಗಿ ಈ ಹಂತಗಳು.

ಹಂತ 1: ರೆಸ್ಯೂಮೆಯ ಪ್ರತಿ ಸಾಲಿಗೂ ಉತ್ತರ ಇಟ್ಟುಕೊಳ್ಳಿ

ಇಂಟರ್‌ವ್ಯೂ ಕೆಡುವುದಕ್ಕೆ ಬೀಜ ಬೀಳುವುದು ಮನೆಯಲ್ಲೇ, ರೆಸ್ಯೂಮೆ ಬರೆಯುವಾಗ. ಅದರ ಪ್ರಿಂಟ್ ತೆಗೆದು, ಪೆನ್ನು ಹಿಡಿದು ಕುಳಿತುಕೊಳ್ಳಿ. ಒಂದೊಂದು ಸಾಲಿಗೂ ಮೂರು ಪ್ರಶ್ನೆ ಹಾಕಿಕೊಳ್ಳಿ: ಇದರಲ್ಲಿ ನನ್ನ ಕೈಯ ಕೆಲಸ ಯಾವುದು? ಹೀಗೇ ಯಾಕೆ ಮಾಡಿದೆ? ಎಲ್ಲಿ ಕೈಕೊಟ್ಟಿತು? ಎರಡು ನಿಮಿಷ ಮಾತನಾಡಲಾಗದ ಸಾಲನ್ನು ಹೊಡೆದುಹಾಕಿ. ಗೆಳೆಯನ ರೆಸ್ಯೂಮೆಯಿಂದ ಎತ್ತಿಕೊಂಡ ಹದಿನಾಲ್ಕು ‘ಸ್ಕಿಲ್’ಗಳ ಪಟ್ಟಿಗಿಂತ, ನಿಜಕ್ಕೂ ಗೊತ್ತಿರುವ ಐದು ಹೆಚ್ಚು ಬೆಲೆ ತರುತ್ತವೆ. ನಾಲ್ಕು ಜನ ಸೇರಿ ಮಾಡಿದ ಪ್ರಾಜೆಕ್ಟ್ ಆದರೆ ‘ನಾವು ಮಾಡಿದೆವು’ ಎಂದು ಹೇಳಿ ಸುಮ್ಮನಾಗಬೇಡಿ. ನಿಮ್ಮ ಪಾಲಿನ ಭಾಗ ಯಾವುದೆಂದು ನೀವೇ ಮೊದಲು ಹೇಳಿ.

ತಾರೀಖುಗಳ ವಿಷಯದಲ್ಲಿ ಹುಷಾರು. ಪಿಎಫ್ ಇರುವ ಕಡೆ ಕೆಲಸ ಮಾಡಿದ್ದರೆ ನಿಮಗೆ 12 ಅಂಕಿಯ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಇರುತ್ತದೆ. ಅದರ ಸರ್ವಿಸ್ ಹಿಸ್ಟರಿಯಲ್ಲಿ ಪ್ರತಿ ಕಂಪನಿಗೆ ಸೇರಿದ ದಿನವೂ ಬಿಟ್ಟ ದಿನವೂ ದಾಖಲಾಗುತ್ತದೆ. ನಾಲ್ಕು ತಿಂಗಳು ಮಾಡಿ ಬಿಟ್ಟ ಕೆಲಸವನ್ನು ರೆಸ್ಯೂಮೆಯಲ್ಲಿ ಅಳಿಸಿದರೂ ಅಲ್ಲಿ ಅದು ಕಾಣುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಇದು ಹೊರಬಿದ್ದರೆ ಕೈಗೆ ಬಂದ ಆಫರ್ ಕೂಡ ಹೋಗಬಹುದು. ‘ಕೆಲಸ ಹೊಂದಲಿಲ್ಲ, ನಾಲ್ಕು ತಿಂಗಳಿಗೆ ಬಿಟ್ಟೆ’ ಎಂಬ ಒಂದು ಸಾಲಿನ ಸತ್ಯಕ್ಕೆ ಅಷ್ಟು ಹೆದರಬೇಕಿಲ್ಲ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇದ್ದವರಿಗೂ ಇದೇ ಮಾತು: ಮಾರ್ಕ್ಸ್ ಕಾರ್ಡ್ ಹೇಗೂ ತೋರಿಸಲೇಬೇಕು, ಕೇಳಿದಾಗ ಎಷ್ಟಿತ್ತು, ಯಾವ ಸೆಮಿಸ್ಟರ್‌ನಲ್ಲಿ ತೀರಿತು ಎಂದು ನೇರವಾಗಿ ಹೇಳಿ.

ಹಂತ 2: ಪರಿಚಯವನ್ನು ಬಾಯಿಪಾಠ ಮಾಡಬೇಡಿ

‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಉರು ಹೊಡೆದ ಉತ್ತರ ಅಪಾಯಕಾರಿ. ಬಾಯಿಪಾಠದಲ್ಲಿ ಒಂದು ಪದ ಮುಂದಿನ ಪದಕ್ಕೆ ಕೊಂಡಿ. ನಡುವೆ ಒಂದು ಮರೆತರೆ ಮುಂದಿನದೆಲ್ಲ ಒಟ್ಟಿಗೇ ಹೋಗುತ್ತದೆ. ಆಮೇಲೆ ಮೊದಲಿಂದ ಶುರು ಮಾಡದೆ ಬೇರೆ ದಾರಿ ಇರುವುದಿಲ್ಲ. ಅದರ ಬದಲು ನಾಲ್ಕು ಅಂಶಗಳನ್ನಷ್ಟೇ ನೆನಪಿಟ್ಟುಕೊಳ್ಳಿ: ಓದು, ಮಾಡಿದ ಒಂದು ಕೆಲಸ ಅಥವಾ ಪ್ರಾಜೆಕ್ಟ್, ಅದರಲ್ಲಿ ಕಲಿತದ್ದು, ಈ ಹುದ್ದೆಗೇ ಯಾಕೆ ಬಂದಿರಿ. ದಿನಕ್ಕೊಮ್ಮೆ ಬೇರೆ ಬೇರೆ ವಾಕ್ಯಗಳಲ್ಲಿ ಜೋರಾಗಿ ಹೇಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. 90 ಸೆಕೆಂಡ್ ಸಾಕು. ಅಪ್ಪನ ಉದ್ಯೋಗ, ಅಣ್ಣತಮ್ಮಂದಿರ ಸಂಖ್ಯೆ, ಹವ್ಯಾಸಗಳ ಪಟ್ಟಿ ಅವರಾಗಿ ಕೇಳಿದರೆ ಮಾತ್ರ.

ಹಂತ 3: ಗೇಟಿನಿಂದ ಕುರ್ಚಿಯವರೆಗಿನ ಸಮಯ ಲೆಕ್ಕಕ್ಕೆ ತನ್ನಿ

ಬೆಂಗಳೂರಿನಲ್ಲಿ ವಿಳಾಸ ತಲುಪುವುದು ಬೇರೆ, ಇಂಟರ್‌ವ್ಯೂ ಕೋಣೆ ತಲುಪುವುದು ಬೇರೆ. ಟೆಕ್ ಪಾರ್ಕ್ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ಪಾಸ್ ಮಾಡಿಸಿ, ಸರಿಯಾದ ಬ್ಲಾಕ್ ಹುಡುಕಿ, ಮಹಡಿಗೆ ಹೋಗಿ ರಿಸೆಪ್ಷನ್‌ನಲ್ಲಿ ಮತ್ತೆ ಹೆಸರು ಬರೆಸುವಷ್ಟರಲ್ಲಿ 20–30 ನಿಮಿಷ ಹಿಡಿಯುತ್ತದೆ. ದೊಡ್ಡ ಕಂಪನಿಗಳಿಗೆ ಊರಿನಲ್ಲಿ ಹಲವು ಕಚೇರಿಗಳಿರುತ್ತವೆ. ಕಾಲ್ ಲೆಟರ್‌ನಲ್ಲಿರುವ ಬ್ಲಾಕ್, ಮಹಡಿ, ಗೇಟ್ ನಂಬರ್‌ಗಳನ್ನು ಹಿಂದಿನ ದಿನವೇ ಎಚ್‌ಆರ್‌ಗೆ ಕೇಳಿ ಖಚಿತಪಡಿಸಿಕೊಳ್ಳಿ.

ಸಾಧ್ಯವಾದಲ್ಲೆಲ್ಲ ಮೆಟ್ರೊ ಹಿಡಿಯಿರಿ. ವೈಟ್‌ಫೀಲ್ಡ್ ಕಡೆಗೆ ನೇರಳೆ ಮಾರ್ಗ ಕಾಡುಗೋಡಿಯವರೆಗೆ ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗವಿದೆ. ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು ಅಲ್ಲಿ ರೈಲು ಬದಲಿಸಿದರೆ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ತಪ್ಪುತ್ತದೆ. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬಂದು ಅದೇ ಬೆಳಿಗ್ಗೆ 9ಕ್ಕೆ ಇಂಟರ್‌ವ್ಯೂಗೆ ಕೂರುವವರು ಬಹಳ. ಆಗುವುದಾದರೆ ಮಧ್ಯಾಹ್ನದ ಸ್ಲಾಟ್ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ, ಎಷ್ಟೋ ಕಡೆ ಕೊಡುತ್ತಾರೆ.

ತಡವಾಗುವುದು ಖಚಿತವಾದ ಕ್ಷಣವೇ ಫೋನ್ ಮಾಡಿ. ‘ಮೇಡಂ, ನಾನು ಈಗ ಮಾರತ್‌ಹಳ್ಳಿಯಲ್ಲಿದ್ದೇನೆ, 10ಕ್ಕೆ ಬರಬೇಕಿತ್ತು, 10.40 ಆಗುತ್ತದೆ, ನಡೆಯುತ್ತದೆಯೇ?’ ಎಂದು ಕೇಳಿ. ಮ್ಯಾಪ್ ತೋರಿಸುವ ಸಮಯಕ್ಕೆ ಹತ್ತು ನಿಮಿಷ ಸೇರಿಸಿ ಹೇಳಬೇಕು, ಎರಡನೇ ಸಲ ತಪ್ಪಬಾರದು. ಒಳಗೆ ಹೋದಮೇಲೆ ಒಮ್ಮೆ ಕ್ಷಮೆ ಕೇಳಿದರೆ ಮುಗಿಯಿತು, ಟ್ರಾಫಿಕ್ ಕಥೆ ಬೇಡ.

ಹಂತ 4: ತಲೆ ಖಾಲಿಯಾದಾಗ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಗೊತ್ತಿದ್ದ ಉತ್ತರವೇ ಗಾಬರಿಯಲ್ಲಿ ಹೊಳೆಯುವುದಿಲ್ಲ. ಆಗ ಬಹುತೇಕರು ಮಾಡುವುದು ಎರಡರಲ್ಲಿ ಒಂದು: ಸುಮ್ಮನೆ ಕೂರುವುದು, ಇಲ್ಲವೇ ಊಹಿಸಿ ಹೇಳುವುದು. ಎರಡಕ್ಕಿಂತಲೂ ಉತ್ತಮ ದಾರಿ, ಗೊತ್ತಿರುವ ತುದಿಯಿಂದ ಶುರು ಮಾಡಿ ಜೋರಾಗಿ ಲೆಕ್ಕ ಹಾಕುವುದು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸಕ್ಕೆ ಇಂಟರ್‌ವ್ಯೂ ಎಂದುಕೊಳ್ಳಿ. ಮೈಕ್ರೋಮೀಟರ್ ಕೈಗೆ ಕೊಟ್ಟು ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಸಣ್ಣ ಅಳತೆ, ಎಷ್ಟೆಂದು ಕೇಳುತ್ತಾರೆ. ಅಂಕಿ ಮರೆತುಹೋಗಿದೆ. ‘0.1 ಇರಬೇಕು ಸರ್’ ಎಂದು ಊಹಿಸಿದರೆ ಅಲ್ಲಿಗೆ ಮುಗಿಯಿತು. ಅದರ ಬದಲು ಉಪಕರಣವನ್ನೇ ನೋಡಿ ಹೇಳಬಹುದು: ‘ಥಿಂಬಲ್ ಒಂದು ಸುತ್ತು ತಿರುಗಿದರೆ ಸ್ಪಿಂಡಲ್ ಅರ್ಧ ಮಿಲಿಮೀಟರ್ ಮುಂದೆ ಹೋಗುತ್ತದೆ. ಥಿಂಬಲ್ ಮೇಲೆ 50 ಗೆರೆಗಳಿವೆ. 0.5 ಅನ್ನು 50ರಿಂದ ಭಾಗಿಸಿದರೆ 0.01 ಮಿಲಿಮೀಟರ್.’ ಅಂಕಿಯನ್ನು ಥಟ್ಟನೆ ಹೇಳಿದವನಿಗಿಂತ ಹೀಗೆ ಬಿಡಿಸಿ ಹೇಳಿದವನ ಮೇಲೆಯೇ ಅನುಭವಿ ಸೂಪರ್‌ವೈಸರ್‌ಗೆ ಹೆಚ್ಚು ನಂಬಿಕೆ ಬರುತ್ತದೆ. ಮುಂದಿನ ಪ್ರಶ್ನೆ ಬಹುಶಃ ಝೀರೊ ಎರರ್ (ಉಪಕರಣ ಪೂರ್ತಿ ಮುಚ್ಚಿದಾಗಲೂ ಸೊನ್ನೆ ತೋರಿಸದಿರುವುದು) ಬಗ್ಗೆ ಇರುತ್ತದೆ, ಅದಕ್ಕೂ ತಯಾರಿರಿ.

ಸಾಫ್ಟ್‌ವೇರ್ ಕಡೆಯೂ ಹೀಗೆಯೇ. ಎರಡನೇ ಅತಿ ಹೆಚ್ಚು ಸಂಬಳ ಯಾರದೆಂದು ಹುಡುಕುವ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕ್ವೆರಿ ಬರೆಯಿರಿ ಎನ್ನುವುದು ಹಳೆಯ ಪ್ರಶ್ನೆ. ಸಂಬಳವನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ ಎರಡನೇ ಸಾಲು ತೆಗೆಯುತ್ತೇನೆ ಎನ್ನುತ್ತೀರಿ. ‘ಮೊದಲ ಸ್ಥಾನದಲ್ಲಿ ಇಬ್ಬರಿಗೆ ಒಂದೇ ಸಂಬಳವಿದ್ದರೆ?’ ಎಂದು ಕೇಳುತ್ತಾರೆ. ಇಲ್ಲಿ ವಾದಕ್ಕಿಳಿಯುವವರೇ ಕೆಡಿಸಿಕೊಳ್ಳುವುದು. ‘ಹೌದು, ಆಗ ಎರಡನೇ ಸಾಲಿನಲ್ಲೂ ಅದೇ ಮೊತ್ತ ಬರುತ್ತದೆ, ಒಂದೇ ಮೊತ್ತ ಎರಡು ಸಲ ಬರದಂತೆ ಡಿಸ್ಟಿಂಕ್ಟ್ ಹಾಕಬೇಕು’ ಎಂದು ತಿದ್ದಿಕೊಂಡರೆ ಆ ಪ್ರಶ್ನೆಯಲ್ಲಿ ನೀವು ಪಾಸ್. ಆ ಎರಡನೇ ಪ್ರಶ್ನೆ ನಿಮ್ಮನ್ನು ಬೀಳಿಸಲು ಕೇಳಿದ್ದಲ್ಲ. ತಪ್ಪು ತೋರಿಸಿದಾಗ ಹೇಗೆ ನಡೆದುಕೊಳ್ಳುತ್ತೀರಿ ಎಂದು ನೋಡುವುದಕ್ಕೆ ಕೇಳಿದ್ದು.

ನಿಜವಾಗಿಯೂ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಿ, ಆದರೆ ಅಷ್ಟಕ್ಕೇ ಬಿಡಬೇಡಿ. ಯಾವುದು ಗೊತ್ತಿಲ್ಲ, ಅದಕ್ಕೆ ಹತ್ತಿರದ ಯಾವುದು ಗೊತ್ತು, ಕೆಲಸದಲ್ಲಿ ಎದುರಾದರೆ ಎಲ್ಲಿ ನೋಡಿ ತಿಳಿದುಕೊಳ್ಳುತ್ತೀರಿ ಎಂಬ ಮೂರನ್ನೂ ಸೇರಿಸಿ. ಯೋಚಿಸಲು ಸಮಯ ಬೇಕಾದರೆ ಕೇಳಿ ಪಡೆಯಿರಿ. ಒಂದು ಸಣ್ಣ ನೋಟ್‌ಬುಕ್ ಜೊತೆಗಿರಲಿ; ಪ್ರಶ್ನೆಯನ್ನು ಅದರಲ್ಲಿ ಬರೆದುಕೊಳ್ಳುವ ಹದಿನೈದು ಸೆಕೆಂಡ್‌ನಲ್ಲಿ ಉಸಿರು ಹತೋಟಿಗೆ ಬರುತ್ತದೆ. ಹಿಂದಿನ ಉತ್ತರ ತಪ್ಪೆಂದು ಹತ್ತು ನಿಮಿಷದ ಮೇಲೆ ಹೊಳೆದರೂ ‘ಸರ್, ಆಗ ಹೇಳಿದ್ದನ್ನು ತಿದ್ದಬಹುದಾ?’ ಎಂದು ಕೇಳಿ ತಿದ್ದಿ. ಇದರಿಂದ ಅಂಕ ಕಡಿಮೆಯಾಗುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಭಾಷೆಯ ಕಾರಣದಿಂದಲೇ ಹೀಗಾಗುವುದುಂಟು. ವಿಷಯ ಗೊತ್ತಿರುತ್ತದೆ, ಇಂಗ್ಲಿಷ್‌ನ ಉದ್ದ ವಾಕ್ಯ ಅರ್ಧಕ್ಕೆ ತುಂಡಾಗುತ್ತದೆ, ಆ ತುಂಡಾದ ವಾಕ್ಯಕ್ಕೆ ನಾಚಿಕೊಂಡು ಉಳಿದದ್ದನ್ನೂ ಹೇಳದೆ ಬಿಡುತ್ತಾರೆ. ಐದಾರು ಪದಗಳ ಸಣ್ಣ ವಾಕ್ಯಗಳಲ್ಲಿ ಮಾತನಾಡಿ, ಚಿತ್ರ ಬರೆದು ತೋರಿಸಿ. ಪ್ಯಾನೆಲ್‌ನಲ್ಲಿ ಕನ್ನಡ ಬಲ್ಲವರಿದ್ದರೆ, ಈ ಒಂದು ಅಂಶವನ್ನು ಕನ್ನಡದಲ್ಲಿ ಹೇಳಲೇ ಎಂದು ಕೇಳಿ. ಗ್ರಾಹಕರ ಜೊತೆ ಇಂಗ್ಲಿಷ್‌ನಲ್ಲೇ ಮಾತಾಡಬೇಕಾದ ಹುದ್ದೆಗೆ ಇದು ಸಾಲದು ನಿಜ. ಉಳಿದ ಎಷ್ಟೋ ಹುದ್ದೆಗಳಲ್ಲಿ ಅವರು ಹುಡುಕುವುದು ಕೆಲಸ ಬಲ್ಲವರನ್ನು.

ಹಂತ 5: ವಿಡಿಯೊ ಇಂಟರ್‌ವ್ಯೂ

ಇಲ್ಲಿ ಕೆಡುವುದು ಬಹುಪಾಲು ಕರೆಂಟು ಮತ್ತು ನೆಟ್‌ವರ್ಕ್‌ನಿಂದ. ಮನೆಯ ವೈಫೈ ಒಂದು ಕಂಪನಿಯದ್ದಾದರೆ, ಮೊಬೈಲ್ ಹಾಟ್‌ಸ್ಪಾಟ್‌ಗೆ ಇನ್ನೊಂದು ಕಂಪನಿಯ ಸಿಮ್ ಇರಲಿ. ಲ್ಯಾಪ್‌ಟಾಪ್, ಫೋನ್ ಎರಡೂ ಪೂರ್ತಿ ಚಾರ್ಜ್ ಆಗಿರಲಿ. ಅರ್ಧ ಗಂಟೆ ಮುಂಚೆ ಅದೇ ಲಿಂಕ್ ತೆರೆದು ಕ್ಯಾಮೆರಾ, ಮೈಕ್‌ಗೆ ಅನುಮತಿ ಕೊಟ್ಟು ನೋಡಿ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ. ಸ್ಕ್ರೀನ್ ಶೇರ್ ಮಾಡುವ ಮೊದಲು ವಾಟ್ಸ್ಆ್ಯಪ್ ವೆಬ್ ಮುಚ್ಚಿ.

ಸಂಪರ್ಕ ಕಡಿದರೆ ಎರಡು ನಿಮಿಷದೊಳಗೆ ಎಚ್‌ಆರ್‌ಗೆ ಮೆಸೇಜ್ ಮಾಡಿ, ಫೋನ್‌ನಿಂದ ಮತ್ತೆ ಸೇರಿ, ವಿಡಿಯೊ ನಿಲ್ಲಿಸಿ ಧ್ವನಿಯಲ್ಲಿ ಮುಂದುವರಿಸಲೇ ಎಂದು ಕೇಳಿ. ಎಚ್‌ಆರ್ ನಂಬರ್ ಮೊದಲೇ ಕಾಗದದ ಮೇಲೆ ಬರೆದಿಟ್ಟಿರಬೇಕು.

ಪಕ್ಕದ ಪರದೆಯಲ್ಲಿ ಎಐ ಉತ್ತರ ಓದಿ ಹೇಳುವ ಅಭ್ಯಾಸ ಈಗ ಹೆಚ್ಚಾಗಿದೆ. ಪ್ರಶ್ನೆ ಮುಗಿದ ಮೇಲೆ ಪ್ರತಿಸಲವೂ ಅಷ್ಟೇ ಹೊತ್ತಿನ ಮೌನ, ಎಡದಿಂದ ಬಲಕ್ಕೆ ಸಾಗುವ ಕಣ್ಣು, ಪುಸ್ತಕದ ಭಾಷೆ: ಇವು ಎದುರಿನವರಿಗೆ ಬೇಗ ತಿಳಿಯುತ್ತವೆ. ‘ಯಾಕೆ ಹಾಗೆ?’ ಎಂದು ಒಮ್ಮೆ ಕೇಳಿದರೆ ಬಯಲಾಗುತ್ತದೆ. ದಯವಿಟ್ಟು ಈ ದಾರಿಗೆ ಹೋಗಬೇಡಿ.

ಹಂತ 6: ಸಂಬಳದ ಮಾತು

ಸಿಟಿಸಿಯನ್ನು (ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಹನ್ನೆರಡರಿಂದ ಭಾಗಿಸಿ ಅದೇ ಕೈಗೆ ಬರುತ್ತದೆ ಎಂದುಕೊಂಡು ಒಪ್ಪಿ, ಆಮೇಲೆ ಜಗಳ ಮಾಡಿದವರು ಅನೇಕ. 6 ಲಕ್ಷ ಸಿಟಿಸಿಯ ಒಂದು ಮಾದರಿ ಲೆಕ್ಕ ನೋಡಿ. ಅದರಲ್ಲಿ 60,000 ವರ್ಷದ ಕೊನೆಗೆ ಸಿಗುವ ವೇರಿಯಬಲ್, ಅಂದರೆ ಕೆಲಸದ ಫಲ ನೋಡಿ ಕೊಡುವ ಭಾಗ. ಬೇಸಿಕ್ ಅರ್ಧ, ಅಂದರೆ ತಿಂಗಳಿಗೆ 25,000. ಕಂಪನಿಯ ಪಾಲಿನ ಪಿಎಫ್ ಶೇ 12ರಂತೆ ವರ್ಷಕ್ಕೆ 36,000, ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಬೇಸಿಕ್‌ನ ಶೇ 4.81ರಂತೆ 14,430. ಇವನ್ನೆಲ್ಲ ಕಳೆದರೆ ಉಳಿಯುವುದು 4,89,570, ತಿಂಗಳಿಗೆ ಸುಮಾರು 40,800. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುವುದು ಸುಮಾರು 37,600. 50,000 ಎಂದುಕೊಂಡವರಿಗೂ ಇದಕ್ಕೂ 12,400 ವ್ಯತ್ಯಾಸ. ಕೆಲವು ಕಂಪನಿಗಳು ಪಿಎಫ್ ಅನ್ನು 15,000 ಬೇಸಿಕ್‌ನ ಮಿತಿಗೆ, ಅಂದರೆ ತಿಂಗಳಿಗೆ 1,800ಕ್ಕೆ ನಿಲ್ಲಿಸುತ್ತವೆ. ಆಗ ಕೈಗೆ ಇನ್ನಷ್ಟು ಬರುತ್ತದೆ. ಆದ್ದರಿಂದ ಇಂಟರ್‌ವ್ಯೂನಲ್ಲೇ ‘ಇದರಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು?’ ಎಂದು ಕೇಳಿ.

ಹಳೆಯ ಸಂಬಳ ಏರಿಸಿ ಹೇಳಬೇಡಿ. ಮೂರು ತಿಂಗಳ ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರಂ 16 (ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ) ಕೇಳುವುದು ಸಾಮಾನ್ಯ. ‘ಈಗ ಇಷ್ಟಿದೆ, ಈ ಹುದ್ದೆಯ ಹೊಣೆ ನೋಡಿದರೆ ಇಷ್ಟು ನಿರೀಕ್ಷಿಸುತ್ತೇನೆ’ ಎಂದು ಎರಡನ್ನೂ ಬೇರೆಬೇರೆಯಾಗಿ ಹೇಳಲು ಹಿಂಜರಿಕೆ ಬೇಡ.

ಹಂತ 7: ತಪ್ಪು ಅವರ ಕಡೆಯಿದ್ದರೆ

ಮದುವೆ ಯಾವಾಗ, ಮಗು ಯಾವಾಗ, ಯಾವ ಜಾತಿ ಎಂಬ ಪ್ರಶ್ನೆಗಳು ಇಂದಿಗೂ ಬರುತ್ತವೆ. ‘ಈ ಹುದ್ದೆಯ ಪಾಳಿ, ಪ್ರಯಾಣಕ್ಕೆ ನನಗೆ ತೊಂದರೆಯಿಲ್ಲ’ ಎಂದು ಕೆಲಸಕ್ಕೆ ಸಂಬಂಧಿಸಿದ ಭಾಗಕ್ಕಷ್ಟೇ ಉತ್ತರಿಸಿ ನಿಲ್ಲಿಸಬಹುದು. ಮಾತು ಅಥವಾ ವರ್ತನೆ ಲೈಂಗಿಕ ಕಿರುಕುಳದ ಮಟ್ಟಕ್ಕೆ ಹೋದರೆ ಎದ್ದು ಬನ್ನಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ರಕ್ಷಣೆ ಅಲ್ಲಿ ನೌಕರಿಯಲ್ಲಿಲ್ಲದ ಮಹಿಳೆಗೂ ಇದೆ, ಅಂದರೆ ಇಂಟರ್‌ವ್ಯೂಗೆ ಬಂದವರಿಗೂ ಇದೆ. ಹತ್ತು ಅಥವಾ ಹೆಚ್ಚು ಜನರಿರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು.

ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಡಿಪಾಸಿಟ್ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಕೊಡಬೇಡಿ. ಆನ್‌ಲೈನ್‌ನಲ್ಲಿ ಕೊಟ್ಟುಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡಿದರೆ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಹಂತ 8: ಹೊರಬಂದ ಮೇಲೆ

ಅರ್ಧ ಗಂಟೆಯೊಳಗೆ, ಬಸ್ ಸ್ಟಾಪಿನಲ್ಲೇ ಕುಳಿತಾದರೂ, ಕೇಳಿದ ಪ್ರಶ್ನೆಗಳನ್ನೆಲ್ಲ ಬರೆದಿಡಿ. ರಾತ್ರಿಯ ಹೊತ್ತಿಗೆ ಅರ್ಧ ಮರೆತುಹೋಗುತ್ತವೆ. ಯಾವ ಪ್ರಶ್ನೆಯಲ್ಲಿ ತಡವರಿಸಿದಿರೋ ಅದರ ಉತ್ತರ ಅದೇ ದಿನ ಹುಡುಕಿ. ಅದು ಮುಖ್ಯ ಪ್ರಶ್ನೆಯಾಗಿದ್ದರೆ ಮರುದಿನದೊಳಗೆ ಎಚ್‌ಆರ್‌ಗೆ ಒಂದು ಇಮೇಲ್ ಕಳಿಸಿ: ಸಮಯ ಕೊಟ್ಟದ್ದಕ್ಕೆ ಒಂದು ಸಾಲಿನ ಧನ್ಯವಾದ, ಇಂಥ ಪ್ರಶ್ನೆಗೆ ಸರಿಯಾಗಿ ಉತ್ತರಿಸಲಾಗಲಿಲ್ಲ ಎಂಬ ಒಂದು ಸಾಲು, ಮೂರ್ನಾಲ್ಕು ಸಾಲಿನಲ್ಲಿ ಸರಿಯಾದ ಉತ್ತರ. ಅಷ್ಟೇ. ಮನೆಯ ಕಷ್ಟ, ಕೆಲಸದ ಅಗತ್ಯ ಅದರಲ್ಲಿ ಬರೆಯಬೇಡಿ. ಅವರು ಹೇಳಿದ ದಿನದೊಳಗೆ ಫಲಿತಾಂಶ ಬರದಿದ್ದರೆ ಎರಡು ಕೆಲಸದ ದಿನ ಬಿಟ್ಟು ಒಮ್ಮೆ ವಿಚಾರಿಸಿ. ಆಯ್ಕೆಯಾಗಿಲ್ಲ ಎಂದರೆ, ಮತ್ತೆ ಯಾವಾಗ ಅರ್ಜಿ ಹಾಕಬಹುದು ಎಂದು ಅದೇ ಕರೆಯಲ್ಲಿ ಕೇಳಿಕೊಳ್ಳಿ. ಎಷ್ಟೋ ಕಂಪನಿಗಳಲ್ಲಿ ಆರು ತಿಂಗಳ ನಂತರ ಮತ್ತೆ ಕೂರಲು ಬಿಡುತ್ತಾರೆ.