ತೇಜಸ್ವಿಯವರ ಬದುಕನ್ನು ಚಿತ್ರದಲ್ಲಿ ಬರೆದೆ, ಓದುಗರು ತಿದ್ದಿದರು

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಕಥೆ ಬರುತ್ತದೆ, ಪುಟದ ಅಳತೆ ಬರುತ್ತದೆ, ಕೊಡಬೇಕಾದ ದಿನ ಬರುತ್ತದೆ, ಬರೆದು ಕೊಡುತ್ತೇನೆ. ಪೂರ್ಣಚಂದ್ರ ತೇಜಸ್ವಿಯವರ ಬದುಕಿನ ಚಿತ್ರಪುಸ್ತಕವನ್ನು ಮಾತ್ರ ಯಾರೂ ಬರೆದುಕೊಡಿ ಎಂದಿರಲಿಲ್ಲ. ನಮ್ಮ ಓದುಗರ ಬಳಗದಲ್ಲಿ ಒಂದು ಸಂಜೆ ಅವರ ಕಾದಂಬರಿ ‘ಕರ್ವಾಲೊ’ ಮುಗಿಸಿ ಮಾತಾಡುತ್ತಾ ಕೂತಿದ್ದಾಗ, ಅಪ್ಪನ ಜೊತೆ ಬಂದಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: “ಸರ್, ಇದನ್ನ ಬರೆದೋರು ನಿಜವಾಗ್ಲೂ ಕಾಡಲ್ಲಿ ಇದ್ರಾ? ಅವ್ರು ಹೇಗಿದ್ರು ಅಂತ ಚಿತ್ರದಲ್ಲಿ ತೋರಿಸೋ ಪುಸ್ತಕ ಬೇಕಿತ್ತು.” ಆ ರಾತ್ರಿಯೇ ರಫ್ ಹಾಕಲು ಕೂತೆ.

48 ಪುಟ ಎಂದು ಮೊದಲೇ ತೀರ್ಮಾನಿಸಿದೆ. 16 ಪುಟದ ಮೂರು ಫಾರಂ, ಮಧ್ಯಕ್ಕೆ ಪಿನ್ ಹೊಡೆದರೆ ಮುಗಿಯಿತು, ಬೈಂಡಿಂಗ್ ಖರ್ಚಿಲ್ಲ. ಬಳಗದವರೇ ದುಡ್ಡು ಹಾಕಿ 500 ಪ್ರತಿ ಮಾಡಿಸುವುದೆಂದು ಮಾತಾಯಿತು.

ಮೊದಲ ಕರಡಿನ ತುಂಬ ಮುಖವೇ ಮುಖ. ನೆರೆತ ಗಡ್ಡ, ಕನ್ನಡಕ, ಕೈಯಲ್ಲಿ ಕ್ಯಾಮೆರಾ. ಪ್ರತಿ ಎರಡು ಪುಟಕ್ಕೊಮ್ಮೆ ತೇಜಸ್ವಿ ಓದುಗರತ್ತ ನೋಡುತ್ತಾ ನಿಂತಿದ್ದರು. ಅಭಿಮಾನಿಗಳಿಗೆ ಇದೇ ಬೇಕು ಅಂದುಕೊಂಡಿದ್ದೆ. ಜೆರಾಕ್ಸ್ ಮಾಡಿಸಿ, ದಾರ ಕಟ್ಟಿ, ಬಳಗದಲ್ಲಿ ಕೈಯಿಂದ ಕೈಗೆ ಕೊಟ್ಟೆ. ಯಾರ ಬೆರಳು ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ನನ್ನ ಹಳೆಯ ಅಭ್ಯಾಸ. ಮುಖದ ಪುಟಗಳನ್ನು ಎಲ್ಲರೂ “ಚೆನ್ನಾಗಿದೆ” ಎಂದು ಮಗುಚಿದರು. ಕಾಫಿ ಗಿಡಗಳ ನಡುವೆ ನಾಯಿಯೊಂದು ಮೂಗು ನೆಲಕ್ಕಿಟ್ಟು ಹೋಗುತ್ತಿರುವ ಸಣ್ಣ ಚಿತ್ರದ ಹತ್ತಿರ ಪ್ರತಿಯೊಬ್ಬರೂ ನಿಂತರು. “ಕಿವಿ!” ಎಂದು ಒಬ್ಬರು ಕೂಗಿಯೇ ಬಿಟ್ಟರು. ‘ಕರ್ವಾಲೊ’ದಲ್ಲಿ ಬರುವ ನಾಯಿಯ ಹೆಸರು ಅದು. ಚಿತ್ರದ ಕೆಳಗೆ ನಾನು ಹೆಸರೇ ಬರೆದಿರಲಿಲ್ಲ. “ಕಿವಿನ ಇಷ್ಟು ಚಿಕ್ಕದಾಗಿ ಬರೆದ್ರೆ ಹೇಗೆ ಸರ್? ನಮಗೆ ಒಂದು ಇಡೀ ಪುಟ ಬೇಕು” ಎಂದು ಇನ್ನೊಬ್ಬರು ಹಠ ಹಿಡಿದರು.

ಕೆಲಸದ ದಿಕ್ಕು ಬದಲಾದದ್ದು ಅವತ್ತು. ತೇಜಸ್ವಿಯವರನ್ನು ಓದಿದವರು ಅವರ ಕಣ್ಣಿಂದ ನೋಡಲು ಕಲಿತವರು. ಗೊದ್ದ, ಕೆರೆ, ಮೀನು, ಹಕ್ಕಿ, ಜೇನುಗೂಡು, ಮುರುಕು ಯಂತ್ರ, ಎಲ್ಲ ಅವರಿಗೆ ಬೇಕು. ಎಂ.ಎ. ಮುಗಿಸಿದ ಮೇಲೆ ನೌಕರಿಯ ದಾರಿ ಹಿಡಿಯದೆ ಮೂಡಿಗೆರೆ ಕಡೆ ಕಾಫಿ ತೋಟ ಮಾಡಿಕೊಂಡು ಉಳಿದ ಮನುಷ್ಯ ಅವರು. ಅವರ ಬದುಕನ್ನು ಹೇಳಬೇಕಾದರೆ ಅವರು ನಿಂತು ನೋಡಿದ್ದನ್ನು ಬರೆಯಬೇಕು ಎನಿಸಿತು. ಮುಖಗಳಲ್ಲಿ ನಾಲ್ಕನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ತೆಗೆದೆ. ಎಷ್ಟೋ ಪುಟಗಳಲ್ಲಿ ಅವರ ಬೆನ್ನು, ಇಲ್ಲವೇ ಬರೀ ಕೈ. ಗಾಳ ಹಿಡಿದ ಕೈ, ಲೆನ್ಸ್ ತಿರುಗಿಸುವ ಕೈ, ಕೀಲಿಮಣೆಯ ಮೇಲಿನ ಕೈ. ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂರಬೇಕೆಂದು ಅವರು ಪಟ್ಟ ಪಾಡು ಗೊತ್ತಿದ್ದವರಿಗೆ ಆ ಕೊನೆಯ ಕೈ ಬಹಳ ಹಿಡಿಸಿತು.

ಎರಡನೇ ಕರಡು ತಿದ್ದುಪಡಿಗಳ ಸುರಿಮಳೆಯನ್ನೇ ತಂದಿತು. ಹಾರುವ ಓತಿಗೆ ಎರಡು ಪುಟ ಬಿಟ್ಟಿದ್ದೆ. ಕಾದಂಬರಿಯಲ್ಲಿ ಅಷ್ಟೂ ಜನ ಅದರ ಬೆನ್ನು ಹತ್ತಿ ಹೋಗುತ್ತಾರಲ್ಲ, ಪುಸ್ತಕದ ನಡುಮಧ್ಯ ಅದೇ ಇರಬೇಕೆಂದು ನನ್ನ ಆಸೆ. ಪಿನ್ ಕೂರುವ ಪುಟ ಅದು, ಚಿತ್ರ ಎಲ್ಲೂ ತುಂಡಾಗದೆ ಉದ್ದಕ್ಕೂ ಹರಡುತ್ತದೆ. ಪ್ರಾಣಿಶಾಸ್ತ್ರ ಪಾಠ ಮಾಡುವ ಮೇಷ್ಟ್ರೊಬ್ಬರು ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡಿ, “ಏನ್ರೀ, ಓತಿಗೆ ಬಾವಲಿ ರೆಕ್ಕೆ ಅಂಟಿಸಿದ್ದೀರಲ್ಲ!” ಎಂದರು. ಅವರು ಹೇಳಿದ್ದು ಸರಿ. ಮುಂಗಾಲಿನ ತುದಿಯಿಂದಲೇ ಪೊರೆ ಹೊರಡುವ ಹಾಗೆ ಬರೆದಿದ್ದೆ. ಮೇಷ್ಟ್ರು ಪೆನ್ಸಿಲ್ ಇಸಿದುಕೊಂಡು ಅಂಚಿನಲ್ಲೇ ಬರೆದು ತೋರಿಸಿದರು. ಅದರ ಪಕ್ಕೆಲುಬುಗಳಲ್ಲೇ ಕೆಲವು ಉದ್ದಕ್ಕೆ ಬೆಳೆದು, ಕೊಡೆಯ ಕಡ್ಡಿಗಳ ಹಾಗೆ ಚರ್ಮವನ್ನು ಬಿಚ್ಚಿ ಹಿಡಿಯುತ್ತವೆ. ನಾಲ್ಕೂ ಕಾಲು ಪೊರೆಗೆ ಅಂಟದೆ ಬಿಡಿಯಾಗಿರುತ್ತವೆ. ಮರದ ಮೇಲೆ ಕೂತಾಗ ಕೊಡೆ ಮಡಚಿದಂತೆ ಪೊರೆ ಮೈಗೆ ಅಂಟಿಕೊಳ್ಳುತ್ತದೆ. ಗಂಡಿನ ಗಂಟಲಲ್ಲಿ ಹಳದಿ ಚರ್ಮದ ಪಟ್ಟಿ ಇರುತ್ತದೆ, ಅದನ್ನು ಚಾಚಿ ಎಳೆದುಕೊಳ್ಳುತ್ತದೆ.

ಅಷ್ಟಕ್ಕೇ ಬಿಡಲಿಲ್ಲ. ಮರುವಾರ ಪಶ್ಚಿಮ ಘಟ್ಟದ ಹಾರುವ ಓತಿಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ತಂದುಕೊಟ್ಟರು. ಜಿಗಿದ ಮೇಲೆ ಓತಿ ತನ್ನ ಮುಂಗಾಲುಗಳಿಂದ ಪೊರೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದಂತೆ, ಇಳಿಯುವ ಹೊತ್ತಿಗೆ ಬಿಡುತ್ತದಂತೆ. ಚಿತ್ರ ಬರೆಯುವವನಿಗೆ ಇದು ದೊಡ್ಡ ವರ. ಮೂರು ಓತಿ ಬರೆದೆ: ಜಿಗಿಯುತ್ತಿರುವಾಗ ಕೈ ಚಾಚಿದ್ದು, ತೇಲುವಾಗ ಅಂಚನ್ನು ಹಿಡಿದದ್ದು, ಕಾಂಡ ಸಮೀಪಿಸಿದಾಗ ಕೈ ಬಿಟ್ಟು ಮುಂದೆ ನೀಡಿದ್ದು. ಎಡ ಪುಟದಿಂದ ಬಲ ಪುಟಕ್ಕೆ ಕಣ್ಣು ತಾನಾಗಿ ಜಾರುತ್ತದೆ. ಈ ಪುಸ್ತಕದಲ್ಲಿ ನನಗೆ ತೃಪ್ತಿ ಕೊಟ್ಟ ಪುಟ ಇದೇ.

ಮದುವೆಯ ಪುಟದಲ್ಲೂ ಹೀಗೇ ಆಯಿತು. 1966ರಲ್ಲಿ ರಾಜೇಶ್ವರಿಯವರ ಜೊತೆ ಮಂತ್ರಮಾಂಗಲ್ಯದ ಮದುವೆ. ಮದುವೆ ಎಂದ ಕೂಡಲೇ ಕೈ ತನ್ನ ರೂಢಿಯಂತೆ ಓಡಿ, ಹಿಂದೆ ಹೊಗೆ, ಪಕ್ಕದಲ್ಲಿ ಜುಟ್ಟಿನ ಪುರೋಹಿತರು. ಬಳಗದ ಹಿರಿಯ ಅಕ್ಕ ಒಬ್ಬರು, ತಾವೂ ಮಂತ್ರಮಾಂಗಲ್ಯವಾದವರು, ಹಾಳೆ ನೋಡಿ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, “ಪುರೋಹಿತರು ಬೇಡ ಅಂತಾನೇ ಅಲ್ವೇನಪ್ಪಾ ಕುವೆಂಪು ಇದನ್ನ ಮಾಡಿದ್ದು?” ಎಂದರು. ನನಗೆ ತಿಳಿಯದ ವಿಷಯವೇನೂ ಅದಾಗಿರಲಿಲ್ಲ, ತಿಳಿದೂ ಕೈ ತಪ್ಪಿತ್ತು. ಹೊಸ ಹಾಳೆ ತೆಗೆದುಕೊಂಡು ಇಬ್ಬರನ್ನು ಮಾತ್ರ ಬರೆದೆ, ಸುತ್ತ ಖಾಲಿ ಜಾಗ ಬಿಟ್ಟೆ. ಅಕ್ಕ ಆ ಮೂಲಚಿತ್ರವನ್ನೇ ಕೇಳಿ ಮನೆಗೆ ಒಯ್ದರು.

ಇಂಥ ಪುಸ್ತಕಕ್ಕೆ ಕೈ ಹಾಕುವವರಿಗೆ ಹಕ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ತೇಜಸ್ವಿ ತೀರಿಕೊಂಡದ್ದು 2007ರ ಏಪ್ರಿಲ್ 5ರಂದು, ಅಂದರೆ 2067ರ ಕೊನೆಯವರೆಗೂ ಅವರ ಬರಹದ ಹಕ್ಕು ವಾರಸುದಾರರದ್ದು. ಹಾಗಾಗಿ ಅವರ ಒಂದು ಸಾಲನ್ನೂ ಎತ್ತಿಕೊಳ್ಳದೆ, ನಡೆದದ್ದನ್ನು ನನ್ನ ಮಾತಿನಲ್ಲಿ ಬರೆದೆ. ಫೋಟೋಗಳಿಗೂ ಹಕ್ಕಿದೆ, ಅದು ತೆಗೆದವರದ್ದು. ಪ್ರಸಿದ್ಧ ಫೋಟೋ ಒಂದನ್ನು ಎದುರಿಗಿಟ್ಟುಕೊಂಡು ಅದೇ ಬೆಳಕು, ಅದೇ ಕೋನದಲ್ಲಿ ನಕಲು ಮಾಡಿ ಪುಸ್ತಕಕ್ಕೆ ಹಾಕುವುದು ತಪ್ಪು. ಹತ್ತಾರು ಫೋಟೋ ನೋಡಿ, ಎಲ್ಲವನ್ನೂ ಮುಚ್ಚಿಟ್ಟು, ನೆನಪಿನಿಂದ ಬರೆದೆ. ಹಾಗೆ ಬರೆದಾಗಲೇ ಮುಖಕ್ಕೆ ಜೀವ ಬಂತು ಎಂಬುದು ನನ್ನ ನಂಬಿಕೆ.

ಅಚ್ಚಿನಲ್ಲಿ ಮಂಜು ಕೈಕೊಟ್ಟಿತು. ಮಲೆನಾಡಿನ ಬೆಳಗಿನ ಮಂಜಿಗೆ ಜಲವರ್ಣದ ತೀರಾ ತೆಳು ವಾಷ್ ಕೊಟ್ಟಿದ್ದೆ, ಕಾಗದದ ಮೇಲೆ ಸೊಗಸಾಗಿತ್ತು. ಪ್ರೂಫ್ ಬಂದಾಗ ಮಂಜು ಇದ್ದ ಕಡೆ ಬರೀ ಬಿಳಿ, ಗುಡ್ಡ ಅರ್ಧಕ್ಕೆ ಕತ್ತರಿಸಿಟ್ಟ ಹಾಗೆ. ಆಫ್‌ಸೆಟ್‌ನಲ್ಲಿ ಬಣ್ಣವೆಂದರೆ ಚುಕ್ಕಿಗಳ ಲೆಕ್ಕ, ಶೇಕಡ 3ಕ್ಕಿಂತ ತೆಳುವಾದ ಚುಕ್ಕಿ ಪ್ಲೇಟಿನಲ್ಲೇ ಉದುರಿಹೋಗಬಹುದು. ಅದಕ್ಕೆ ಸರಿಯಾಗಿ ನಾವು ಆರಿಸಿದ್ದು ಮಿರುಗಿಲ್ಲದ ಮ್ಯಾಪ್ಲಿಥೋ ಕಾಗದ, ಶಾಯಿ ಹೀರಿ ನಡುಬಣ್ಣಗಳನ್ನು ಇನ್ನಷ್ಟು ಗಾಢ ಮಾಡುತ್ತದೆ. ಕಾಡು ಕಪ್ಪಾಗಿ, ಮಂಜು ಮಾಯವಾಗಿತ್ತು. ಆರ್ಟ್ ಪೇಪರಿಗೆ ಹೋಗೋಣ ಎಂದು ಮುದ್ರಕರು ಹೇಳಿದರು. ನನಗೆ ಆ ಮಿರುಗು ಬೇಡವಾಗಿತ್ತು, ತೇಜಸ್ವಿಯವರ ಪುಸ್ತಕ ಹಿಡಿದರೆ ಕೈಗೆ ಒರಟಾಗಿ ಹತ್ತಬೇಕು. ಎರಡು ರಾತ್ರಿ ಕೂತು ಸ್ಕ್ಯಾನ್‌ಗಳಲ್ಲಿ ಮಂಜನ್ನು ಶೇಕಡ 6–7ಕ್ಕೆ ಏರಿಸಿದೆ, ಹಸಿರಿನಲ್ಲಿದ್ದ ಮೆಜೆಂಟಾ ಇಳಿಸಿದೆ, ನಡುಬಣ್ಣ ತಿಳಿ ಮಾಡಿದೆ. ಮಾನಿಟರಿನಲ್ಲಿ ಪೇಲವವಾಗಿ ಕಂಡದ್ದು ಕಾಗದದ ಮೇಲೆ ಸರಿಯಾಗಿ ಕೂತಿತು.

ಪುಸ್ತಕ ಬಂದದ್ದು ಸೆಪ್ಟೆಂಬರ್ 8ಕ್ಕೆ, ಅವರು ಹುಟ್ಟಿದ ದಿನ. ಬಿಡುಗಡೆ, ಭಾಷಣ ಏನೂ ಇರಲಿಲ್ಲ. ಕಟ್ಟು ಬಿಚ್ಚಿ ಮೇಜಿನ ಮೇಲೆ ಜೋಡಿಸಿದೆವು. ಒಬ್ಬರು ತಮ್ಮ ತಾಯಿಗೆ ಪುಟ ಪುಟ ಓದಿ ಹೇಳುತ್ತಾ ಮೂಲೆಯಲ್ಲಿ ಕೂತರು. ಒಬ್ಬರು ಐದು ಪ್ರತಿ ಎತ್ತಿಕೊಂಡು “ಇದು ನಮ್ಮೂರ ಲೈಬ್ರರಿಗೆ” ಎಂದರು. ಆ ಹುಡುಗಿ ಈಗ ಹತ್ತನೇ ಕ್ಲಾಸು. ನಿಂತಲ್ಲೇ ಓದಲು ಶುರು ಮಾಡಿ, ಓತಿಯ ಪುಟಕ್ಕೆ ಬಂದಾಗ ಪುಸ್ತಕವನ್ನು ಅಡ್ಡ ತಿರುಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿದು, ಮೆಲ್ಲಗೆ ವಾಲಿಸಿ ನೋಡಿದಳು.

ತಿದ್ದುಪಡಿ ಅಲ್ಲಿಗೂ ಮುಗಿಯಲಿಲ್ಲ. ಕೊನೆಯ ಪುಟ ಅವರು ಹೋದ ಏಪ್ರಿಲ್ ತಿಂಗಳದ್ದು. ಮನುಷ್ಯರಿಲ್ಲ, ಅವರ ಮನೆ ‘ನಿರುತ್ತರ’ದ ಸುತ್ತಿನ ಕಾಫಿ ತೋಟ ಮಾತ್ರ. ಒಂದೇ ರೆಂಬೆಯಲ್ಲಿ ಬಿಳಿ ಹೂವನ್ನೂ ಕೆಂಪು ಹಣ್ಣನ್ನೂ ಬರೆದಿದ್ದೆ, ಬಣ್ಣ ಚೆಂದ ಎಂದು. ತೋಟ ಮಾಡುವ ಓದುಗರೊಬ್ಬರು ಫೋನ್ ಮಾಡಿದರು: “ಹಣ್ಣು ಕುಯ್ಲಾಗಿ ಎಷ್ಟೋ ದಿನ ಆಗಿರುತ್ತೆ ಸರ್. ಹೂಮಳೆ ಬಿದ್ದ ಮೇಲೆ ಬರೀ ಹೂವು. ತೋಟವೆಲ್ಲ ಬೆಳ್ಳಗೆ, ಮಲ್ಲಿಗೆ ತರಹ ವಾಸನೆ. ಮೂರ್ನಾಲ್ಕು ದಿನ ಅಷ್ಟೇ.” ಎರಡನೇ ಮುದ್ರಣಕ್ಕೆ ಆ ಹಾಳೆಯನ್ನು ಮತ್ತೆ ಬರೆಯುತ್ತಿದ್ದೇನೆ. ಕೆಂಪು ಬಣ್ಣದ ಟ್ಯೂಬನ್ನು ಮೇಜಿನಿಂದ ತೆಗೆದಿಟ್ಟಿದ್ದೇನೆ.